ಬಿದರಿಯ ಕಪ್ಪು, ಇರುಳಿನ ಕಪ್ಪು

ಬಹಮನಿ ಅರಸು ಫಿರೋಜ್ ಷಾ 1407ರಲ್ಲಿ ದೌಲತಾಬಾದಿನ ಬಳಿ ನಕ್ಷತ್ರ ವೀಕ್ಷಣಾಲಯವನ್ನು ಕಟ್ಟಿಸತೊಡಗಿದನು, ಅದು ಪೂರ್ಣವಾಗಲಿಲ್ಲ. ಅವನ ತಮ್ಮ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ತಂದನು. ಆ ಊರಿನ ಬಿದರಿ ಕಲೆಯಾದರೋ ಇರುಳಿನ ಮರ್ಮವನ್ನು ಬಲ್ಲದು. ಸತು ತಾಮ್ರಗಳ ಎರಕದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣೂ ನವಸಾಗರವೂ ಬೆರೆತ ಬಿಸಿನೀರಿನಲ್ಲಿ ಅದ್ದಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಕಪ್ಪಿಲ್ಲದೆ ಬೆಳ್ಳಿಗೆ ಸೊಗಸಿಲ್ಲ.

ಆಕಾಶದ ರೀತಿಯೂ ಇದೇ. ಬೀದಿದೀಪದ ಬೆಳಕು ಮೇಲಕ್ಕೆ ಚೆಲ್ಲಿದರೆ ದೂಳಿನಲ್ಲಿ ಚದರಿ ಬಾನನ್ನೇ ಬೆಳ್ಳಗಾಗಿಸುತ್ತದೆ, ನಕ್ಷತ್ರಗಳು ಅಳಿಸಿಹೋಗುತ್ತವೆ. ಇದನ್ನು ಭಾಲ್ಕಿ, ಔರಾದ್‌ಗಳ ಜನರಿಗೆ ತಿಳಿಸಬಯಸುವ ಚಿತ್ರಕಾರನು ಮಾದರಿಗಾಗಿ ದೂರ ಹೋಗಬೇಕಿಲ್ಲ. ಭಿತ್ತಿಪತ್ರದಲ್ಲಿ ಬಿದರಿಯ ಕಪ್ಪು, ಬೆಳ್ಳಿಯ ನಾಲ್ಕು ಚುಕ್ಕೆ, ತಲೆಗೆ ಮುಚ್ಚಳವಿಟ್ಟ ಒಂದು ದೀಪ: ಇಷ್ಟೇ ಸಾಕು.