ತೆಪ್ಪಗಿರೋ ಶಿಲೀಂಧ್ರ ಯಾವಾಗ ಕೊಲ್ಲುತ್ತೆ?

ದೊಡ್ಡಪ್ಪ ಐಸಿಯುನಲ್ಲಿದ್ದಾಗ ಡಾಕ್ಟರು "ರಕ್ತದಲ್ಲಿ ಕ್ಯಾಂಡಿಡಾ ಇದೆ" ಅಂದರು. ಆಮೇಲಿಂದ ಅದರ ಚರಿತ್ರೆ ಓದೋ ಹುಚ್ಚು ನನಗೆ. ಬಹಳ ಜನರ ಬಾಯಿ, ಕರುಳಲ್ಲಿ ತೆಪ್ಪಗಿರೋ ಶಿಲೀಂಧ್ರ ಇದು. ದುಂಡನೆ ಕೋಶ. ಕೆಲವೊಮ್ಮೆ ಮಾತ್ರ ಉದ್ದನೆ ಎಳೆಯಾಗಿ ಬೆಳೆದು ಒಳಗೆ ನುಗ್ಗುತ್ತೆ.

1997ರಲ್ಲಿ ಅಮೆರಿಕದ ಜೆರಾಲ್ಡ್ ಫಿಂಕ್ ತಂಡ ಇಎಫ್‌ಜಿ1, ಸಿಪಿಎಚ್1 ಅನ್ನೋ ಎರಡು ಜೀನ್ ತೆಗೆದುಹಾಕಿತು. ಬೇರೆ ಜೀನ್‌ಗಳನ್ನು ಆನ್ ಮಾಡೋ ಮೇಸ್ತ್ರಿಗಳಿವು. ಎಳೆ ಬರಲಿಲ್ಲ, ಇಲಿಗಳು ಬದುಕಿದವು!

ಆದರೆ ಆ ಮೇಸ್ತ್ರಿಗಳಿಗೆ ಬೇರೆ ಕೆಲಸಗಳೂ ಇದ್ದವು. ಬದುಕಿಸಿದ್ದು ಎಳೆ ಇಲ್ಲದ್ದೇನಾ? ಫಂಕ್ಷನ್ ಡಿಲೀಟ್ ಮಾಡಿ "ಬಗ್ ಹೋಯ್ತು" ಅಂದಂಗೆ... (ನಾನೂ ಹಾಗೆ ಮಾಡಿ ಬೈಸಿಕೊಂಡಿದ್ದೀನಿ.)

ಅದಕ್ಕೇ ಟೆಕ್ಸಾಸಿನವರ 2003ರ ಪ್ರಯೋಗ ನನಗಿಷ್ಟ. ಎಳೆ ಬರದಂತೆ ತಡೆಯೋ ಎನ್‌ಆರ್‌ಜಿ1 ಜೀನನ್ನು ಸದಾ ಆನ್ ಇಟ್ಟು, ಡಾಕ್ಸಿಸೈಕ್ಲಿನ್ ಕೊಟ್ಟರೆ ಮಾತ್ರ ಆಫ್ ಆಗೋ ಹಾಗೆ ಮಾಡಿದರು. ಆನ್ ಇದ್ದಾಗ ಇಲಿಯ ಅಂಗಾಂಗಗಳಲ್ಲೆಲ್ಲ ಶಿಲೀಂಧ್ರ ಸೇರಿತ್ತು, ಆದರೂ ಇಲಿ ಬದುಕಿತ್ತು. ಆಫ್ ಮಾಡಿದರೆ ಎಳೆ ಬಂತು, ಇಲಿ ಸತ್ತಿತು. ಅದೇ ಶಿಲೀಂಧ್ರ ಕಣ್ರೀ!

ಮನೆಗೆ ಬಂದ ಮೇಲೆ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಅದು ಇನ್ನೂ ನನ್ನೊಳಗೆ ಇರಬಹುದಾ?" ಅಂತ ಕೇಳಿದರು.

ಇರಬಹುದು ದೊಡ್ಡಪ್ಪ, ನನ್ನೊಳಗೂ.