ಒಂದು ದೀಕ್ಷೆ, ಎರಡು ಮನೆ

ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು 1966ರಲ್ಲಿ ಆರಂಭವಾಯಿತು. ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ಆಗ ನೂರು ವರ್ಷ. ಊರದೇವರ ಹೆಸರನ್ನೂ ಇಡದೆ, ದಾನಿಯ ಹೆಸರನ್ನೂ ಇಡದೆ, ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಮೇಷ್ಟ್ರ ಹೆಸರನ್ನು ಅಂಕೋಲೆ ಏಕೆ ಆರಿಸಿಕೊಂಡಿತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

1905ರಲ್ಲಿ ಗೋಖಲೆಯವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದರು. ಸೇರಬಯಸುವವರು ಕೆಲವು ಪ್ರತಿಜ್ಞೆಗಳನ್ನು ತೊಡಬೇಕಿತ್ತು: ತನಗಾಗಿ ಹಣ ಗಳಿಸುವುದರಲ್ಲಿ ಶಕ್ತಿ ವ್ಯಯಿಸಬಾರದು; ಸಮಾಜ ಕೊಟ್ಟಷ್ಟರಲ್ಲೇ ಸಂಸಾರ ತೂಗಿಸಬೇಕು; ಜಾತಿ, ಮತ ನೋಡದೆ ಎಲ್ಲರಿಗಾಗಿ ದುಡಿಯಬೇಕು. ದೇಶಸೇವೆಯನ್ನು ಧರ್ಮಕಾರ್ಯದ ಶ್ರದ್ಧೆಯಿಂದಲೇ ಮಾಡಬೇಕು, ಸಾರ್ವಜನಿಕ ಜೀವನಕ್ಕೆ ಅಧ್ಯಾತ್ಮದ ತಳಹದಿ ಬೇಕು ಎಂಬುದು ಅವರ ನಂಬಿಕೆ. ಕಾವಿಯಿಲ್ಲ, ಮಠವಿಲ್ಲ. ಆದರೂ ಅದು ಸಂನ್ಯಾಸಕ್ಕೆ ಸಮನಾದ ದೀಕ್ಷೆಯೇ.

ಪುಣೆಯ ಈ ದೀಕ್ಷೆ ಅಂಕೋಲೆಗೆ ತಲುಪಿದ್ದು ಹೇಗೆ? 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿಯ ಆಡಳಿತದಲ್ಲಿತ್ತು. ಕಾರವಾರ, ಅಂಕೋಲೆಯವರ ಓದು, ನೌಕರಿ, ವಿಚಾರಗಳ ದಾರಿ ಬೆಂಗಳೂರಿಗಿಂತ ಹೆಚ್ಚಾಗಿ ಮುಂಬಯಿ, ಪುಣೆಯ ಕಡೆಗೇ ಇತ್ತು. ಮುಂಬಯಿಯಲ್ಲಿ ಓದಿದ ದಿನಕರ ದೇಸಾಯಿಯವರು ಈ ಸಮಾಜದ ಸದಸ್ಯರಾದರು. 1911ರಲ್ಲಿ ಗೋಖಲೆಯವರು ಮಂಡಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಮರುವರ್ಷ ಬಿದ್ದುಹೋಗಿತ್ತು. ಭಾರತದ ಪ್ರಾಥಮಿಕ ಶಿಕ್ಷಣದ ಬಗ್ಗೆಯೇ ಮುಂದೆ ಪುಸ್ತಕ ಬರೆದವರು ದೇಸಾಯಿ. ರೈತಕೂಟ ಕಟ್ಟಿ ಗೇಣಿದಾರರ ಪರ ನಿಂತದ್ದಕ್ಕೆ 1940ರಲ್ಲಿ ಸರ್ಕಾರ ಅವರನ್ನು ತಮ್ಮದೇ ಜಿಲ್ಲೆಯಿಂದ ಐದು ವರ್ಷ ಹೊರಗಿಟ್ಟಿತು. 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿದರು. ಅಂಕೋಲೆಯಿಂದ ದಾಂಡೇಲಿಯವರೆಗೆ ಟ್ರಸ್ಟಿನ ಶಾಲೆಗಳು ಎದ್ದವು. ಗೇಣಿ ಅಳೆದು ಕೊಟ್ಟೇ ಸುಸ್ತಾದ ಮನೆಗಳ ಮಕ್ಕಳು ಹೈಸ್ಕೂಲಿನ ಬೆಂಚಿನ ಮೇಲೆ ಕೂತರು. ಜನ ದೇಸಾಯಿಯವರನ್ನು ಚುಟುಕಗಳಿಂದ ನೆನೆಯುತ್ತಾರೆ. ನನಗೆ ಈ ಬೆಂಚುಗಳೇ ದೊಡ್ಡವು.

ಅದೇ ಗೋಖಲೆಯವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಮನೆ ಎದ್ದಿತ್ತು. 1945ರಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ತೆರೆದರು. ಹೆಸರು ನೋಡಿದರೆ ರಾಜಕೀಯ, ಅರ್ಥನೀತಿಗಳ ಚರ್ಚೆಗೆ ಮೀಸಲಾದ ಜಾಗ ಅನ್ನಿಸುತ್ತದೆ. ಆ ಚರ್ಚೆಗಳೂ ನಡೆದವು. ಆದರೆ ಡಿವಿಜಿಯವರು ಅಲ್ಲೇ ಭಗವದ್ಗೀತೆಯನ್ನೂ ಪಾಠ ಹೇಳಿದರು. ಸಂಸಾರ, ನೌಕರಿ, ಊರ ಕೆಲಸಗಳ ನಡುವೆ ಇರುವ ಗೃಹಸ್ಥನಿಗೆ ಗೀತೆ ಏನು ಹೇಳುತ್ತದೆ ಎಂಬುದನ್ನು ಬಿಡಿಸಿಡುವ ಪಾಠ ಅದು. ಆ ಉಪನ್ಯಾಸಗಳೇ ‘ಜೀವನಧರ್ಮಯೋಗ’ ಗ್ರಂಥವಾದವು. 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1970ರಲ್ಲಿ ನಾಡು ತಮಗೆ ಅರ್ಪಿಸಿದ ಹಮ್ಮಿಣಿಯನ್ನು ಡಿವಿಜಿ ಸಂಸ್ಥೆಗೇ ಒಪ್ಪಿಸಿದರು. ಪುಣೆಯ ಆ ಪ್ರತಿಜ್ಞೆಯನ್ನು ಅವರು ತೊಟ್ಟಿದ್ದರೂ ಇದಕ್ಕಿಂತ ಹೆಚ್ಚೇನು ಮಾಡಬೇಕಿತ್ತು?

ಶಾಲೆ ಬೇರೆ, ಧರ್ಮೋಪನ್ಯಾಸ ಬೇರೆ ಎಂದು ಎಣಿಸುವುದು ನಮಗೆ ರೂಢಿಯಾಗಿದೆ. ಗೋಖಲೆಯವರಿಗೆ ಅವು ಬೇರೆಯಾಗಿರಲಿಲ್ಲ. ಅಂಕೋಲೆಗೆ ಅವರ ಆಸ್ತಿಯಲ್ಲಿ ಶಾಲೆಯ ಪಾಲು ಸಿಕ್ಕಿತು, ಬೆಂಗಳೂರಿಗೆ ಉಪನ್ಯಾಸದ ಪಾಲು. ಆ ಎರಡನೆಯ ಪಾಲನ್ನೂ ನಾವು ಈಗ ಕೇಳಿ ಪಡೆಯಬೇಕು, ಗೋಖಲೆಯವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಧರ್ಮಗಳ ಬಗ್ಗೆ ಒಂದು ದತ್ತಿ ಉಪನ್ಯಾಸ ನಡೆಸಬೇಕು ಎಂಬುದು ನನ್ನ ಒತ್ತಾಯ.

ದಾರಿ ಹೊಸದೇನಲ್ಲ. ಧರ್ಮಸ್ಥಳದಲ್ಲಿ ಮಂಜಯ್ಯ ಹೆಗ್ಗಡೆಯವರ ಕಾಲದಿಂದಲೂ ಲಕ್ಷದೀಪೋತ್ಸವಕ್ಕೆ ಸರ್ವಧರ್ಮ ಸಮ್ಮೇಳನ ನಡೆಯುತ್ತ ಬಂದಿದೆ. ದತ್ತಿ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಉಪನ್ಯಾಸ ನಡೆಸುವುದು ಕನ್ನಡ ಸಾಹಿತ್ಯ ಪರಿಷತ್ತಿನ ಕಾರ್ಯಕರ್ತರಿಗೆಲ್ಲ ಗೊತ್ತಿರುವ ಕ್ರಮ. ವಿಷಯಕ್ಕೆ ಬರವೇ? ಸೋಂದೆಯೊಂದರಲ್ಲೇ ವಾದಿರಾಜರ ವೃಂದಾವನವಿದೆ, ಸ್ವರ್ಣವಲ್ಲಿ ಮಠವಿದೆ, 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ ಭಟ್ಟಾಕಳಂಕನ ಜೈನ ಪರಂಪರೆಯಿದೆ. ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ, ಭಟ್ಕಳದಲ್ಲಿ ನವಾಯತರ ಮಸೀದಿಗಳು, ಕಾರವಾರದಲ್ಲಿ 1976ರಿಂದ ಕ್ರೈಸ್ತ ಧರ್ಮಪ್ರಾಂತ. ಹಳಿಯಾಳ, ಯಲ್ಲಾಪುರದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಇಷ್ಟನ್ನು ಹೊಂದಿದ ಜಿಲ್ಲೆಯ ವಿದ್ಯಾರ್ಥಿಗೆ ನೆರೆಯವನ ದೇವರ ಬಗ್ಗೆ ಗಾಳಿಮಾತಷ್ಟೇ ಗೊತ್ತಿದ್ದರೆ ಅದು ಶಿಕ್ಷಣದ ಕೊರತೆ. ಅದನ್ನು ನೀಗಬೇಕಾದವರು ಶಿಕ್ಷಣ ಸಂಸ್ಥೆಯವರೇ.

ಗೋಖಲೆಯವರ ಹುಟ್ಟುಹಬ್ಬ ಮೇ 9ಕ್ಕೆ ಕಾಲೇಜಿಗೆ ರಜೆ. ಉಪನ್ಯಾಸಕ್ಕೆ ಅವರು ತೀರಿಕೊಂಡ ಫೆಬ್ರುವರಿ 19 ಒಳ್ಳೆಯದು: ಮಳೆಯಿಲ್ಲ, ಭತ್ತದ ಕೊಯ್ಲು ಮುಗಿದಿರುತ್ತದೆ, ಹಳ್ಳಿಯವರೂ ಬರಬಹುದು. ಒಂದು ವರ್ಷ ಅಂಕೋಲೆ, ಇನ್ನೊಂದು ವರ್ಷ ಕಾರವಾರ. ಮಾತನಾಡುವವರು ತಮ್ಮ ಧರ್ಮವನ್ನು ಆಳವಾಗಿ ಓದಿದವರಾಗಿರಲಿ, ಪ್ರಶ್ನೆಗೆ ಅರ್ಧ ಸಮಯ ಉಳಿಸಲಿ. ಅಂದಿನ ಮಾತನ್ನು ಅಗ್ಗದ ಕಿರುಹೊತ್ತಿಗೆಯಾಗಿ ಅಚ್ಚು ಮಾಡಿ ಜಿಲ್ಲೆಯ ಪ್ರತಿ ಹೈಸ್ಕೂಲಿಗೂ ಕಳಿಸೋಣ.