ಒಂದು ಮಾತು, ಹಲವು ಕೈಪಿಡಿ

ಕೈಪಿಡಿ ಬರವಣಿಗೆಯಲ್ಲಿ ಒಮ್ಮೆ ಬರೆದ ಪಠ್ಯದ ಮರುಬಳಕೆ ಎಂದರೆ ಈಗ ಉಳಿತಾಯದ ಲೆಕ್ಕ ಮಾತ್ರ ಆಗಿಬಿಟ್ಟಿದೆ. ಅನುವಾದದ ಖರ್ಚು ಎಷ್ಟು ಇಳಿಯಿತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕಂಪ್ಯೂಟರೇ ಪ್ರತಿಸಲ ಹೊಸದಾಗಿ ಬರೆದುಕೊಡುವಾಗ ಈ ಉಸಾಬರಿ ಏಕೆ ಎನ್ನುವವರೂ ಇದ್ದಾರೆ. ಬೇತಮಂಗಲ, ಬಂಗಾರಪೇಟೆ ಕಡೆಯ ನಾವು ಹಾಗೆ ಅನ್ನಲಾರೆವು. ಪಕ್ಕದ ಕೆ.ಜಿ.ಎಫ್.ನ ಬೆಮೆಲ್‌ನಲ್ಲಿ ತಯಾರಾಗುವುದು ಬುಲ್ಡೋಜರ್, ಎಕ್ಸ್‌ಕವೇಟರ್‌ಗಳು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ ಎಂಬ ಎಚ್ಚರಿಕೆ ಇಂಥ ಯಂತ್ರಗಳ ಕೈಪಿಡಿಗಳಲ್ಲಿ ಒಂದೊಂದರಲ್ಲಿ ಒಂದೊಂದು ಥರ ಇದ್ದರೆ ಸುಡುವುದು ಆಪರೇಟರನ ಕೈ.

ಒಂದೇ ಮಾತನ್ನು ಮತ್ತೆ ಮತ್ತೆ ಬರೆಯುವುದು ನಮಗೆ ಹೊಸದಲ್ಲ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತೆರೆದರೆ ದಾನಶಾಸನಗಳ ಕೊನೆಗೆ ಅದೇ ಶಾಪದ ಮಾತುಗಳು ತಿರುತಿರುಗಿ ಬರುತ್ತವೆ. ಪ್ರತಿ ಕಲ್ಲಿನಲ್ಲೂ ಹೊಸದಾಗಿ ಕೆತ್ತಿದ್ದರಿಂದ ಕಾಗುಣಿತ ಮಾತ್ರ ಕಲ್ಲಿನಿಂದ ಕಲ್ಲಿಗೆ ಬೇರೆ.

ಗಣಕದ ಕಾಲಕ್ಕೆ ಬಂದರೆ, 1969ರಲ್ಲಿ ಐಬಿಎಂನಲ್ಲಿ ಹುಟ್ಟಿದ ಜಿಎಂಎಲ್ ಎಂಬ ಪಠ್ಯ ಗುರುತಿನ ಭಾಷೆ 1986ರ ಹೊತ್ತಿಗೆ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಮರುಬಳಕೆಯ ಸಾಧನ ಎಂಟಿಟಿ: ಹೆಸರೊಂದನ್ನು ಘೋಷಿಸಿಟ್ಟರೆ ಬೇಕಾದಲ್ಲಿ ಪಠ್ಯ ಬಂದು ಕೂರುತ್ತಿತ್ತು. ತಾಂತ್ರಿಕ ದಾಖಲೆಗಳಿಗಾಗಿ 1991ರಲ್ಲಿ ಶುರುವಾದ ಡಾಕ್‌ಬುಕ್‌ನವರು ಅದನ್ನೇ ನೆಚ್ಚಿದರು. ಹೊರಗಿನಿಂದ ಬರುವ ತುಣುಕನ್ನು ಸ್ವತಂತ್ರವಾಗಿ ಪರೀಕ್ಷಿಸಲು ಆಗದ ತೊಡಕು ಉಳಿದೇ ಇತ್ತು. ಎಕ್ಸ್‌ಎಂಎಲ್‌ಗಾಗಿ 2004ರಲ್ಲಿ ಬಂದ ಎಕ್ಸ್‌ಇನ್‌ಕ್ಲೂಡ್ ಅದನ್ನು ಬಿಡಿಸಿತು, ತಡವಾಗಿ.

ಅಷ್ಟರಲ್ಲಿ ನಮ್ಮ ತಲೆಮಾರಿನ ಕೈಗೆ ಡಿಟಾ ಎಂಬ ಎಕ್ಸ್‌ಎಂಎಲ್ ಚೌಕಟ್ಟು ಬಂದಿತ್ತು. ಐಬಿಎಂ 2001ರಲ್ಲಿ ಹೊರತಂದ ಇದು 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನಕವಾಯಿತು. ಬೇರೆಡೆಯ ತುಣುಕನ್ನು ಎಳೆದುತರುವ ಇದರ ಕಾನ್‌ರೆಫ್ ಎಂಟಿಟಿಯಂತೆ ಕಣ್ಣುಮುಚ್ಚಿ ಪಠ್ಯ ತುರುಕುವುದಿಲ್ಲ. ಎಚ್ಚರಿಕೆ ಇರಬೇಕಾದ ಜಾಗಕ್ಕೆ ಎಚ್ಚರಿಕೆಯೇ ಬರಬೇಕು, ಹಂತದ ಜಾಗಕ್ಕೆ ಹಂತವೇ. ಬರೆಯುವವನಿಗೆ ಶಿಸ್ತು ಕಲಿಸಿದ್ದು ಈ ಒಂದು ನಿಯಮ. ಕಾನ್‌ರೆಫ್‌ನ ಕೊರತೆಯೆಂದರೆ ಕಡತದ ವಿಳಾಸಕ್ಕೆ ಅಂಟಿಕೊಂಡಿದ್ದುದು. ಕಡತ ಜಾಗ ಬದಲಿಸಿದರೆ ಕೊಂಡಿ ಕಳಚುತ್ತಿತ್ತು. ಡಿಟಾದ 2010ರ 1.2 ಆವೃತ್ತಿ, ವಿಳಾಸದ ಬದಲು ಹೆಸರು ಹಿಡಿದು ಕರೆಯುವ ಕೀಲಿಗಳನ್ನು ತಂದಿತು, ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಹೆಜ್ಜೆ. ಬರೆಯುವಾಗ 'ಎಂಜಿನ್-ಆಯಿಲ್' ಎಂಬ ಕೀಲಿ ಕೊಟ್ಟರೆ ಸಾಕು. ಯಾವ ದರ್ಜೆಯ ಆಯಿಲ್ ಎಂಬುದನ್ನು ಡೋಜರ್ ಕೈಪಿಡಿಯ ಮ್ಯಾಪ್ (ವಿಷಯಗಳನ್ನು ಜೋಡಿಸುವ ಕಡತ) ಒಂದು ರೀತಿ, ಡಂಪರ್‌ನ ಮ್ಯಾಪ್ ಇನ್ನೊಂದು ರೀತಿ ತೀರ್ಮಾನಿಸುತ್ತದೆ. 2015ರ 1.3 ಆವೃತ್ತಿಯಲ್ಲಿ ಒಂದೇ ಪುಸ್ತಕದೊಳಗೆ ಒಂದೇ ಕೀಲಿಗೆ ಭಾಗಕ್ಕೊಂದು ಅರ್ಥ ಕೊಡುವ ಅನುಕೂಲವೂ ಸಿಕ್ಕಿತು. ಆಸ್ಕಿಡಾಕ್, ಸ್ಫಿಂಕ್ಸ್‌ನಂಥ ಸರಳ ಪಠ್ಯದ ಸಾಧನಗಳ ಇನ್‌ಕ್ಲೂಡ್ ಹಗುರ, ಕಲಿಯಲು ಸುಲಭ. ಆದರೆ ಬಂದ ತುಣುಕು ಆ ಜಾಗಕ್ಕೆ ತಕ್ಕದ್ದೇ ಎಂದು ಅದು ಕೇಳುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಈ ಇಡೀ ಚರಿತ್ರೆ ಅಪೂರ್ಣ. ಪದಮಟ್ಟದ ಮರುಬಳಕೆ ಇಂಗ್ಲಿಷಿಗೆ ಒಗ್ಗಿದಂತೆ ನಮಗೆ ಒಗ್ಗದು. ಕೀಲಿಯ ಜಾಗದಲ್ಲಿ 'ಪಂಪು' ಬಂದರೆ 'ಪಂಪನ್ನು ಬಿಚ್ಚಿ' ಆಗಬೇಕು, 'ಬ್ಯಾಟರಿ' ಬಂದರೆ 'ಬ್ಯಾಟರಿಯನ್ನು'. ವಿಭಕ್ತಿಯನ್ನು ಹೊರಗಿಟ್ಟು ನಾಮಪದವನ್ನಷ್ಟೇ ಬದಲಿಸಿದರೆ 'ಪಂಪುಯನ್ನು' ಎಂಬಂಥ ರೂಪ ಅಚ್ಚಾಗುತ್ತದೆ. ಹಾಗಾಗಿ ಕನ್ನಡದಲ್ಲಿ ಮರುಬಳಕೆಯ ಘಟಕ ಪದವಲ್ಲ, ಪೂರ್ಣ ವಾಕ್ಯ: ಇಡೀ ಎಚ್ಚರಿಕೆ, ಇಡೀ ಹಂತ. ಮಾರ್ಗದರ್ಶಿಗಳು ಇದನ್ನು ಅನುವಾದದ ಅಧ್ಯಾಯದ ಒಂದು ಸಾಲಿನಲ್ಲಿ ಮುಗಿಸುತ್ತವೆ.

ಅಕ್ಷರದ ತೊಡಕೂ ಇತ್ತು. ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಾದ ಪಠ್ಯ ಎಕ್ಸ್‌ಎಂಎಲ್ ಕಡತದೊಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅಂಥ ಹಳೆಯ ಕೈಪಿಡಿಗಳ ಕನ್ನಡವನ್ನು ಪರಿವರ್ತಿಸದೆ ಮರುಬಳಸಲು ಆಗದು. ನಾನು ಕಂಡ ಕಡೆಗಳಲ್ಲಿ ಇಂಗ್ಲಿಷ್ ಮೂಲ ಕೀಲಿ, ಮ್ಯಾಪ್‌ಗಳ ಸಮೇತ ಅಚ್ಚುಕಟ್ಟಾಗಿರುತ್ತದೆ. ಕನ್ನಡ ಮಾತ್ರ ಕೊನೆಗೆ ಪುಟವಿನ್ಯಾಸದವರ ಕೈಯಲ್ಲಿ ಬೇರೆಯಾಗಿ ಸಿದ್ಧವಾಗುತ್ತದೆ. ಮೂಲದ ಎಚ್ಚರಿಕೆ ತಿದ್ದಿದಾಗ ಇಂಗ್ಲಿಷ್ ಕೈಪಿಡಿಗಳೆಲ್ಲ ಒಟ್ಟಿಗೆ ಬದಲಾಗುತ್ತವೆ, ಯಂತ್ರ ಓಡಿಸುವವನು ಓದುವ ಕನ್ನಡದ ಹಾಳೆಯಲ್ಲಿ ಹಳೆಯ ಮಾತೇ ಉಳಿಯುತ್ತದೆ. ವಾಕ್ಯಮಟ್ಟದ ಕನ್ನಡ ಎಚ್ಚರಿಕೆಗಳ ಒಂದು ಸಾಮಾನ್ಯ ಕಡತ ಮಾಡಿ, ಡೋಜರ್, ಡಂಪರ್, ಲೋಡರ್‌ಗಳ ಕೈಪಿಡಿಗಳೆಲ್ಲ ಅದರಿಂದಲೇ ಎತ್ತಿಕೊಳ್ಳುವಂತೆ ಮಾಡಲು ಈಗಿರುವ ಸಾಧನಗಳೇ ಸಾಕು.